ಬಿಡುವಿಲ್ಲದ ದಿನಗಳಿಗೆ ಹಾಲು-ತುಪ್ಪವಿಲ್ಲದ ಸಿದ್ಧ ಊಟ: ಮಲೆನಾಡಿನ ಅಡುಗೆಮನೆಗೊಂದು ಮಾರ್ಗದರ್ಶಿ

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸ ಬೆಳಗಿನಿಂದ ರಾತ್ರಿಯವರೆಗೂ ಮುಗಿಯುವುದಿಲ್ಲ. ಶಿವಮೊಗ್ಗ ನಗರದಲ್ಲಿ ಬಾಡಿಗೆ ಕೋಣೆ ಹಿಡಿದಿರುವ ವಿದ್ಯಾರ್ಥಿಗೂ, ಹಳ್ಳಿಯ ಶಾಲೆಗೆ ಬೆಳಗಿನ ಬಸ್ಸು ಹಿಡಿಯುವ ಶಿಕ್ಷಕಿಗೂ ಅಡುಗೆಗೆಂದು ಸಿಗುವ ಹೊತ್ತು ಅರ್ಧ ಗಂಟೆಯನ್ನು ಮೀರುವುದು ಅಪರೂಪ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು, ಮೊಟ್ಟೆ ಯಾವುದನ್ನೂ ಬಳಸದೆ ವೀಗನ್ ಆಹಾರಕ್ರಮವನ್ನು ಅನುಸರಿಸುವವರಿಗೆ ಇಂಥ ದಿನಗಳು ಇನ್ನೂ ಕಠಿಣವಾಗುತ್ತವೆ; ಏಕೆಂದರೆ ನಮ್ಮಲ್ಲಿ ಅವಸರಕ್ಕೆ ಒದಗುವ ಊಟವೆಂದರೆ ಹೆಚ್ಚಿನಂಶ ಮೊಸರನ್ನ, ಮಜ್ಜಿಗೆಯ ತಂಬುಳಿ ಅಥವಾ ಬಿಸಿ ಅನ್ನಕ್ಕೆ ತುಪ್ಪ ಮತ್ತು ಉಪ್ಪಿನಕಾಯಿ.

ಅವಸರದ ದಿನದ ಊಟ ಅವಸರದ ದಿನವೇ ಹುಟ್ಟುವುದಿಲ್ಲ, ಬಿಡುವಿರುವ ಒಂದು ಮಧ್ಯಾಹ್ನದಲ್ಲಿ ಅದರ ಮುಕ್ಕಾಲು ಪಾಲು ಸಿದ್ಧವಾಗಬೇಕು ಎಂಬುದು ಈ ಲೇಖನದ ಆಧಾರ. ಮಲೆನಾಡಿಗೆ ಇದು ಹೊಸ ವಿಚಾರವಲ್ಲ. ಮಳೆ ಹಿಡಿದರೆ ಸಂತೆಗೂ ಹೋಗಲಾಗದ ಊರುಗಳಲ್ಲಿ ಬೇಸಗೆಯಲ್ಲಿಯೇ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಇವುಗಳನ್ನು ಮಾಡಿಟ್ಟುಕೊಳ್ಳುವ ರೂಢಿ ಮೊದಲಿನಿಂದಲೂ ಇದೆ, ಮತ್ತು ಅವುಗಳಲ್ಲಿ ಬಹುಪಾಲು ಹಾಲಿನ ಸೋಂಕಿಲ್ಲದ ಪದಾರ್ಥಗಳೇ ಆಗಿವೆ. ಅಂಗಡಿಯ ಪೊಟ್ಟಣಗಳು ಈ ವ್ಯವಸ್ಥೆಯ ಕೊರತೆಯನ್ನು ತುಂಬಬೇಕೇ ಹೊರತು ಅದರ ಜಾಗವನ್ನೇ ಆಕ್ರಮಿಸಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಪೊಟ್ಟಣದ ಹಿಂಬದಿಯನ್ನು ಓದಿ

ಪೊಟ್ಟಣದ ಮೇಲಿನ ಹಸಿರು ಚುಕ್ಕಿಯನ್ನು ನೋಡಿ ಕೊಳ್ಳುವುದು ಸಸ್ಯಾಹಾರಿಗಳಿಗೆ ಸಾಕಾಗುತ್ತದೆ, ವೀಗನ್ ಆಹಾರದವರಿಗೆ ಸಾಲದು. ನಮ್ಮ ದೇಶದ ನಿಯಮದ ಪ್ರಕಾರ ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ ಮತ್ತು ಅರಗು (ಅರಗಿನ ಕೀಟ ಸ್ರವಿಸುವ ಅಂಟು) ಸೇರಿದ ತಿನಿಸಿಗೂ ಹಸಿರು ಚುಕ್ಕಿಯೇ ಬರುತ್ತದೆ. ವೀಗನ್ ಆಹಾರಕ್ಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿದೆ. ಅದರಂತೆ ಒಪ್ಪಿಗೆ ಪಡೆದ ಪೊಟ್ಟಣದ ಮೇಲೆ ಎಲೆಯೊಂದಿಗೆ ಹಸಿರು ಬಣ್ಣದ ಇಂಗ್ಲಿಷ್ ‘ವಿ’ ಅಕ್ಷರದ ಚಿಹ್ನೆ ಇರುತ್ತದೆ. ಆದರೆ ಸಣ್ಣ ಊರಿನ ಅಂಗಡಿಗಳಲ್ಲಿ ಈ ಚಿಹ್ನೆಯ ಪದಾರ್ಥಗಳು ವಿರಳ, ಮತ್ತು ಚಿಹ್ನೆಯಿಲ್ಲದ ಎಷ್ಟೋ ತಿನಿಸುಗಳು ವಾಸ್ತವದಲ್ಲಿ ಹಾಲಿಲ್ಲದವೇ ಆಗಿರುತ್ತವೆ. ಆದ್ದರಿಂದ ಪದಾರ್ಥಗಳ ಪಟ್ಟಿಯನ್ನು ಓದುವ ಅಭ್ಯಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಅದರ ಕೆಳಗೆ ಅಲರ್ಜಿಯ ಸೂಚನೆಯಿರುತ್ತದೆ. ಹಾಲು ಸೇರಿದ್ದರೆ ಅಲ್ಲಿ ಹೇಳಲೇಬೇಕು, ಹೀಗಾಗಿ ಅವಸರದಲ್ಲಿರುವವರು ಮೊದಲು ಆ ಒಂದು ಸಾಲನ್ನು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಬಳಿಕ ಪಟ್ಟಿಯಲ್ಲಿ ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸೀನ್ ಅಥವಾ ಕೇಸಿನೇಟ್, ಲ್ಯಾಕ್ಟೋಸ್, ಬಟರ್‌ಮಿಲ್ಕ್ ಪೌಡರ್, ಘೀ ಎಂಬ ಹೆಸರುಗಳಿವೆಯೇ ಎಂದು ಹುಡುಕಬೇಕು. ಐಎನ್‌ಎಸ್ 901 (ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಕೇತ ಸಂಖ್ಯೆ) ಎಂದಿದ್ದರೆ ಜೇನುಮೇಣ, 904 ಎಂದಿದ್ದರೆ ಅರಗು. ಇವು ಮಿಠಾಯಿಗಳ ಹೊಳಪಿಗೆ ಬಳಕೆಯಾಗುತ್ತವೆ. ವಿಶೇಷವಾಗಿ ಎಚ್ಚರ ಬೇಕಾದದ್ದು ತೆಂಗಿನಹಾಲಿನ ಪುಡಿಯ ವಿಷಯದಲ್ಲಿ. ಹೆಸರಿನಲ್ಲಿ ತೆಂಗು ಇದ್ದರೂ ಹಲವು ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಸೇರಿರುತ್ತದೆ, ಅದು ಹಸುವಿನ ಹಾಲಿನಿಂದ ತೆಗೆದದ್ದು. ಕಾಫಿಗೆ ಬೆರೆಸುವ ‘ನಾನ್ ಡೈರಿ’ ಕ್ರೀಮರುಗಳಲ್ಲಿಯೂ ಅನೇಕ ಬಾರಿ ಇದೇ ಸಂಗತಿ ಇರುತ್ತದೆ.

ಯಾವುದನ್ನು ಕೊಳ್ಳುವುದು, ಯಾವುದನ್ನು ಬಿಡುವುದು

ಬಿಸಿ ಮಾಡಿ ತಿನ್ನುವ ಪೊಟ್ಟಣದ ಊಟಗಳ ಬಗ್ಗೆ ನಮ್ಮ ಹಿರಿಯರಲ್ಲಿ ಒಂದು ಶಂಕೆ ಇದೆ: ಫ್ರಿಜ್ಜಿನ ಹೊರಗೆ ತಿಂಗಳುಗಟ್ಟಲೆ ಕೆಡದ ಅನ್ನ-ಸಾರಿನಲ್ಲಿ ಏನೋ ರಾಸಾಯನಿಕ ಇರಲೇಬೇಕು ಎಂದು. ರಿಟಾರ್ಟ್ ವಿಧಾನದ ಪೊಟ್ಟಣಗಳ ಮಟ್ಟಿಗೆ ಈ ಶಂಕೆಗೆ ಆಧಾರವಿಲ್ಲ. ಬೇಯಿಸಿದ ಆಹಾರವನ್ನು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಗಳ ಹಲವು ಪದರಗಳಿರುವ ಚೀಲಕ್ಕೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟಾಗ ಒಳಗಿನ ಸೂಕ್ಷ್ಮಾಣುಗಳೂ ಶಾಖವನ್ನು ತಡೆದು ಸುಪ್ತವಾಗಿ ಉಳಿಯುವ ಅವುಗಳ ಗಟ್ಟಿ ಬೀಜಕಗಳೂ ನಾಶವಾಗುತ್ತವೆ. ಹೊರಗಿನಿಂದ ಹೊಸವು ಒಳಹೋಗಲು ದಾರಿಯಿರುವುದಿಲ್ಲ. ನಮ್ಮ ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರ ಊಟಕ್ಕಾಗಿ ಈ ವಿಧಾನವನ್ನು ಬೆಳೆಸಿತು. ಆದರೆ ಇದರಿಂದ ಯಾರೂ ಮನೆಯಲ್ಲಿ ಕುದಿಸಿದ ಸಾರನ್ನು ಸೀಸೆಗೆ ತುಂಬಿ ಮುಚ್ಚಿ ಹೊರಗಿಡಬಹುದೆಂದು ತಿಳಿಯಬಾರದು. ಬರೀ ಕುದಿತದ ಶಾಖಕ್ಕೆ ಸಾಯದ ಬೀಜಕಗಳು ಗಾಳಿಯಿಲ್ಲದ ಸೀಸೆಯೊಳಗೆ ಬೆಳೆದು ಪ್ರಾಣಕ್ಕೆ ಅಪಾಯಕಾರಿಯಾದ ವಿಷವನ್ನು ಉಂಟುಮಾಡಬಲ್ಲವು.

ಹೀಗೆ ಸುರಕ್ಷಿತವಾದ ಪೊಟ್ಟಣಗಳಲ್ಲಿಯೂ ಬಿಸಿಬೇಳೆಬಾತ್, ಪೊಂಗಲ್, ದಾಲ್ ಮುಂತಾದವುಗಳಿಗೆ ತುಪ್ಪವೋ ಬೆಣ್ಣೆಯೋ ಸೇರಿರುವುದು ಸಾಮಾನ್ಯ. ಹುಳಿಯನ್ನ, ನಿಂಬೆಹಣ್ಣಿನ ಚಿತ್ರಾನ್ನ, ಛೋಲೆ, ರಾಜ್ಮಾ ಮೊದಲಾದವುಗಳಲ್ಲಿ ಹಾಲಿಲ್ಲದವು ಸಿಗುವ ಸಾಧ್ಯತೆ ಹೆಚ್ಚು. ಒಣ ಮಿಶ್ರಣಗಳ ಪೈಕಿ ರವೆ ಇಡ್ಲಿಯದನ್ನು ಮೊಸರಿನಲ್ಲೇ ಕಲಸಬೇಕಾಗುತ್ತದೆ, ಉಪ್ಪಿಟ್ಟಿನ ಮಿಶ್ರಣದಲ್ಲಿ ತುಪ್ಪ ಇರಬಹುದು. ಉಪ್ಪಿನ ಅಂಶವನ್ನೂ ನೋಡಿಕೊಳ್ಳಿ. ಇಂಥ ಪೊಟ್ಟಣಗಳಲ್ಲಿ ಅದು ಮನೆಯ ಅಡುಗೆಗಿಂತ ಹೆಚ್ಚಿರುವುದುಂಟು, ಆದ್ದರಿಂದ ಜೊತೆಗೆ ಉಪ್ಪಿನಕಾಯಿ ಬಡಿಸಿಕೊಳ್ಳದಿರುವುದು ಒಳ್ಳೆಯದು. ನನ್ನ ಸಲಹೆಯೆಂದರೆ, ಕಾಳಿನ ಪಲ್ಯವಿರುವ ನಾಲ್ಕೈದು ಪೊಟ್ಟಣಗಳನ್ನು ಮಾತ್ರ ಆಪತ್ಕಾಲಕ್ಕೆ ಇಟ್ಟುಕೊಂಡು ಉಳಿದದ್ದನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು.

ಬಿಡುವಿನ ಮಧ್ಯಾಹ್ನದ ಕೆಲಸ

ಆ ಮಧ್ಯಾಹ್ನ ಮಾಡಬೇಕಾದದ್ದು ಎರಡೇ: ಹುಳಿಯನ್ನದ ಗೊಜ್ಜು ಮತ್ತು ಬೇಳೆ ಸೇರಿದ ಸಾರಿನ ಮಿಶ್ರಣ.

ಗೊಜ್ಜಿಗೆ 100 ಗ್ರಾಂ ಹಳೆಯ ಹುಣಸೆಹಣ್ಣನ್ನು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಗಟ್ಟಿಯಾಗಿ ಕಿವುಚಿ ಸೋಸಿಕೊಳ್ಳಬೇಕು. ಅದು ನೆನೆಯುವಷ್ಟರಲ್ಲಿ ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಮೂರು ಚಮಚ ಕೊತ್ತಂಬರಿ ಬೀಜ, ಎರಡು ಚಮಚ ಕಡಲೆಬೇಳೆ, ಒಂದು ಚಮಚ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ ಇವುಗಳನ್ನು ಬೇರೆಬೇರೆಯಾಗಿ ಹುರಿದು, ಕೊನೆಗೆ ಎರಡು ಚಮಚ ಕರಿ ಎಳ್ಳನ್ನು ಸಿಡಿಸಿ, ಆರಿದ ಮೇಲೆ ಪುಡಿ ಮಾಡಬೇಕು. ಮೆಂತ್ಯವನ್ನು ಮಾತ್ರ ಕೆಂಪಗಾಗುವುದಕ್ಕೆ ಸ್ವಲ್ಪ ಮೊದಲೇ ಇಳಿಸಿ. ಅದು ಕರಕಲಾದರೆ ಇಡೀ ಗೊಜ್ಜು ಕಹಿಯಾಗುತ್ತದೆ. ಬಾಣಲೆಯಲ್ಲಿ ಅರ್ಧ ಲೋಟ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಕರಿಬೇವು, ಇಂಗು, ಅರಿಸಿನದ ಒಗ್ಗರಣೆ ಮಾಡಿ ಹುಣಸೆರಸ ಸುರಿಯಿರಿ.

ಗೊಜ್ಜಿನ ಬಾಳಿಕೆ ನಿಂತಿರುವುದು ಇಲ್ಲಿಂದ ಮುಂದಿನ ಕುದಿತದ ಮೇಲೆ. ರಸ ಮೊದಲು ತೆಳ್ಳಗೆ, ದೊಡ್ಡ ಗುಳ್ಳೆಗಳೊಂದಿಗೆ ಕುದಿಯುತ್ತದೆ. ಹದಿನೈದು ನಿಮಿಷ ಕಳೆದ ಮೇಲೆ ಗುಳ್ಳೆಗಳು ಸಣ್ಣದಾಗಿ ಕೊತಕೊತನೆ ಸದ್ದು ಮಾಡತೊಡಗುತ್ತವೆ, ಬಣ್ಣ ಕಂದಿನಿಂದ ಕಪ್ಪಿನತ್ತ ತಿರುಗುತ್ತದೆ, ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತದೆ. ಆಗ ಉಪ್ಪು, ಒಂದು ನಿಂಬೆಗಾತ್ರದ ಬೆಲ್ಲ ಮತ್ತು ಮಾಡಿಟ್ಟ ಪುಡಿಯನ್ನು ಸೇರಿಸಿ ಇನ್ನೂ ಐದಾರು ನಿಮಿಷ ಕೈಬಿಡದೆ ತಿರುವಬೇಕು. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಅದು ಕೂಡಲೇ ಮುಚ್ಚಿಕೊಳ್ಳದೆ ನಿಲ್ಲಬೇಕು. ಮುಚ್ಚಿಕೊಂಡರೆ ಇನ್ನೂ ನೀರಿನಂಶ ಉಳಿದಿದೆ, ಅಂಥ ಗೊಜ್ಜು ಮಲೆನಾಡಿನ ತೇವದ ಹವೆಯಲ್ಲಿ ವಾರ ಕಳೆಯುವ ಮೊದಲೇ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ನಂತರ ಒಣಗಿದ ಗಾಜಿನ ಸೀಸೆಗೆ ತುಂಬಿ, ಮೇಲೆ ಎಣ್ಣೆಯ ತೆಳುಪದರ ನಿಲ್ಲುವಂತೆ ನೋಡಿಕೊಂಡು ಫ್ರಿಜ್ಜಿನಲ್ಲಿಟ್ಟರೆ ಒಂದು ತಿಂಗಳಿಗೆ ಚಿಂತೆಯಿಲ್ಲ. ಕೊಬ್ಬರಿ ಮತ್ತು ಕಡಲೆಕಾಯಿ ಬೀಜವನ್ನು ಸೀಸೆಗೆ ಹಾಕದೆ ಅನ್ನ ಕಲಸುವ ಹೊತ್ತಿಗೆ ಸೇರಿಸುವುದು ಉತ್ತಮ, ಏಕೆಂದರೆ ಕೊಬ್ಬರಿ ಮುಗ್ಗಲು ವಾಸನೆ ಹಿಡಿಯುತ್ತದೆ, ಬೀಜ ಮೆತ್ತಗಾಗುತ್ತದೆ. ಒಬ್ಬರ ಬುತ್ತಿಯ ಅನ್ನಕ್ಕೆ ಒಂದೂವರೆ ಚಮಚ ಗೊಜ್ಜು ಸಾಕು. ಅಂಗಡಿಯ ಇಂಗಿನ ಪುಡಿಗೆ ಬಹುಮಟ್ಟಿಗೆ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ವೀಗನ್ ದೃಷ್ಟಿಯಿಂದ ತೊಂದರೆಯಿಲ್ಲ, ಗೋಧಿ ಒಗ್ಗದವರು ಮಾತ್ರ ಗಮನಿಸಬೇಕು.

ಸಾರಿನ ಮಿಶ್ರಣ ಇನ್ನೂ ಸುಲಭ. ಒಂದು ಲೋಟ ತೊಗರಿಬೇಳೆಯನ್ನು ಸಣ್ಣ ಉರಿಯಲ್ಲಿ ಪರಿಮಳ ಬಂದು ಬಣ್ಣ ತಿರುಗುವವರೆಗೆ ಹುರಿದು ನುಣ್ಣಗೆ ಪುಡಿ ಮಾಡಿ, ಅದಕ್ಕೆ ಮನೆಯ ಸಾರಿನ ಪುಡಿ ಕಾಲು ಲೋಟ, ಉಪ್ಪು, ಸ್ವಲ್ಪ ಬೆಲ್ಲದ ಪುಡಿ ಮತ್ತು ವಾಟೆಹುಳಿಯ (ಮಲೆನಾಡಿನ ಒಂದು ಹುಳಿ ಕಾಯಿ) ಪುಡಿಯನ್ನು ಬೆರೆಸಬೇಕು. ಹುಣಸೆಹಣ್ಣು ತೇವವನ್ನು ಎಳೆದುಕೊಂಡು ಮಿಶ್ರಣವನ್ನು ಗಂಟು ಕಟ್ಟಿಸುತ್ತದೆ. ಒಣಗಿಸಿ ಪುಡಿ ಮಾಡಿದ ವಾಟೆ ಹಾಗೆ ಮಾಡುವುದಿಲ್ಲ. ವಾಟೆ ಸಿಗದ ಊರಿನವರು ಹುಳಿಯನ್ನು ಬಿಟ್ಟು ಮಿಶ್ರಣ ಮಾಡಿಟ್ಟು, ಕೊನೆಗೆ ನಿಂಬೆರಸ ಹಿಂಡಬಹುದು. ಬೇಕಾದಾಗ ಎರಡು ಲೋಟ ತಣ್ಣೀರಿಗೆ ಮೂರು ಚಮಚ ಮಿಶ್ರಣ ಕದಡಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ ಎಣ್ಣೆಯ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಕುದಿತವನ್ನು ಕಡಿಮೆ ಮಾಡಬಾರದು, ಬೇಳೆಯ ಹಿಟ್ಟು ಬೇಯಲು ಅಷ್ಟು ಹೊತ್ತು ಬೇಕು.

ಗೊಜ್ಜವಲಕ್ಕಿ, ಮಂಡಕ್ಕಿ, ಕಡುಬು

ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಮ್ಮೆ ಮಾತ್ರ ತಿರುಗಿಸಿ ರವೆಯಷ್ಟು ತರಿಯಾಗಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಡಬ್ಬಕ್ಕೆ ತುಂಬಿಡಿ. ಬೆಳಿಗ್ಗೆ ಮೇಲೆ ಹೇಳಿದ ಗೊಜ್ಜನ್ನೇ ಎರಡು ಚಮಚ ತೆಗೆದು ಮುಕ್ಕಾಲು ಲೋಟ ನೀರಿನಲ್ಲಿ ಕದಡಿ, ಒಂದು ಲೋಟ ಅವಲಕ್ಕಿ ತರಿಗೆ ಸುರಿದು ಮುಚ್ಚಿಟ್ಟರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಅರಳಿರುತ್ತದೆ. ಬೆರಳಿನಿಂದ ಉದುರಿಸಿ ಕಾಯಿತುರಿ ಹಾಕಿದರೆ ಮುಗಿಯಿತು, ಒಲೆ ಹಚ್ಚುವ ಅಗತ್ಯವೇ ಇಲ್ಲ. ಮಂಡಕ್ಕಿ ಒಗ್ಗರಣೆಯೂ ಹತ್ತು ನಿಮಿಷದ ಕೆಲಸ. ಹುರಿಗಡಲೆ ಪುಡಿಯನ್ನು ಧಾರಾಳವಾಗಿ ಉದುರಿಸಿದರೆ ಮಂಡಕ್ಕಿಯಲ್ಲಿ ಕಡಿಮೆಯಿರುವ ಪ್ರೋಟೀನು ಅದಕ್ಕೆ ಸೇರುತ್ತದೆ. ಒಣಗಿಸಿದ ಅಕ್ಕಿ ಶಾವಿಗೆಯನ್ನು ಕುದಿನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ ಬಸಿದುಕೊಂಡರೆ ಅದಕ್ಕೂ ಇದೇ ಗೊಜ್ಜು ಹೊಂದುತ್ತದೆ.

ಕಡುಬನ್ನು ಅವಸರದ ತಿಂಡಿಯೆಂದು ಯಾರೂ ಎಣಿಸುವುದಿಲ್ಲ, ಆದರೆ ಹಿಂದಿನ ದಿನ ಮಾಡಿಟ್ಟ ಅಕ್ಕಿ ಕಡುಬು ಫ್ರಿಜ್ಜಿನಲ್ಲಿ ಒಂದು ದಿನ ಚೆನ್ನಾಗಿಯೇ ಇರುತ್ತದೆ. ಏಳೆಂಟು ನಿಮಿಷ ಮತ್ತೆ ಹಬೆಯಲ್ಲಿಟ್ಟರೆ ಮೃದುವಾಗುತ್ತದೆ. ಖಾರಕ್ಕೆ ಕಾಯಿಚಟ್ನಿ, ಸಿಹಿಗೆ ಕಾಯಿಹಾಲು ಮತ್ತು ಜೋನಿಬೆಲ್ಲ, ಅಂದರೆ ದ್ರವರೂಪದ ಬೆಲ್ಲ. ಜೇನನ್ನು ಬಿಟ್ಟವರಿಗೆ ಜೋನಿಬೆಲ್ಲದಂಥ ಪರ್ಯಾಯ ನಮ್ಮಲ್ಲಿಯೇ ಇರುವುದು ನಿಜಕ್ಕೂ ಭಾಗ್ಯ.

ತಂಬುಳಿಗೆ ಮಜ್ಜಿಗೆಯ ಬದಲು

ಮಜ್ಜಿಗೆಯಿಲ್ಲದೆ ತಂಬುಳಿಯೇ ಎಂದು ಮಲೆನಾಡಿನವರು ಕೇಳುವುದು ಸಹಜ. ತಂಬುಳಿಗೆ ಬೇಕಾದದ್ದು ತಂಪು, ತೆಳುವಾದ ಹುಳಿ ಮತ್ತು ಸೊಪ್ಪಿನ ಅಥವಾ ಜೀರಿಗೆಯ ಪರಿಮಳ. ಇವು ಮೂರನ್ನೂ ತೆಂಗಿನಹಾಲು ಮತ್ತು ಮುರುಗಲು (ಕೋಕಂ) ಸೇರಿ ಕೊಡುತ್ತವೆ. ಜೀರಿಗೆ, ಕಾಳುಮೆಣಸು, ಬಿಳಿ ಎಳ್ಳನ್ನು ಹುರಿದು ಪುಡಿ ಮಾಡಿ ಸೀಸೆಯಲ್ಲಿಟ್ಟುಕೊಳ್ಳಿ. ಊಟದ ಹೊತ್ತಿಗೆ ಅರ್ಧ ಹೋಳು ಕಾಯಿಯನ್ನು ರುಬ್ಬಿ ಹಾಲು ಹಿಂಡಿ, ಅದಕ್ಕೆ ಎರಡು ಚಮಚ ಪುಡಿ, ಉಪ್ಪು, ನೆನೆಸಿದ ಮುರುಗಲು ಸಿಪ್ಪೆಯ ನೀರು ಬೆರೆಸಿ ಕೊಬ್ಬರಿಎಣ್ಣೆಯ ಒಗ್ಗರಣೆ ಹಾಕಬೇಕು. ಹಿತ್ತಿಲಲ್ಲಿ ಒಂದೆಲಗವೋ ದೊಡ್ಡಪತ್ರೆಯೋ ಇದ್ದರೆ ನಾಲ್ಕು ಎಲೆ ಬಾಡಿಸಿ ಕಾಯಿಯೊಡನೆ ರುಬ್ಬಿ. ತೆಂಗಿನಹಾಲು ಮಜ್ಜಿಗೆಯಂತೆ ಬಾಳುವುದಿಲ್ಲ; ಆಗಿಂದಾಗ್ಗೆ ಮಾಡಿ ಅದೇ ಊಟಕ್ಕೆ ಮುಗಿಸಬೇಕು, ಬುತ್ತಿಗೆ ಹಾಕಬಾರದು.

ಕಾಳುಗಳನ್ನು ಮರೆಯಬಾರದು

ಹಾಲು-ಮೊಸರನ್ನು ಬಿಟ್ಟ ಊಟದಲ್ಲಿ ಅಕ್ಕಿಯ ಪಾಲು ಹೆಚ್ಚಿ ಪ್ರೋಟೀನಿನ ಪಾಲು ಕುಗ್ಗುವ ಅಪಾಯ ಇದೆ, ಅವಸರದ ದಿನಗಳಲ್ಲಿ ಇದು ಇನ್ನಷ್ಟು ಹೆಚ್ಚು. ಹುರುಳಿ, ಹೆಸರು, ಅಲಸಂದೆ ಇವುಗಳಲ್ಲಿ ಒಣತೂಕದ 100 ಗ್ರಾಮಿಗೆ ಇಪ್ಪತ್ತು ಗ್ರಾಮಿನ ಆಸುಪಾಸು ಪ್ರೋಟೀನು ಇದೆ. ಸೋಯಾ ಚಂಕ್ಸಿನಲ್ಲಿ ಅದು ಸುಮಾರು 50 ಗ್ರಾಂ. ವಾರಕ್ಕೊಮ್ಮೆ ಕಾಳನ್ನು ನೆನೆಸಿ ಕುಕ್ಕರಿನಲ್ಲಿ ಬೇಯಿಸಿ, ಒಂದೊಂದು ಊಟಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಗಳಲ್ಲಿ ಫ್ರೀಜರಿಗೆ ಹಾಕಿಡುವುದು ನಾನು ಎಲ್ಲಕ್ಕಿಂತ ಹೆಚ್ಚು ಶಿಫಾರಸು ಮಾಡುವ ಕ್ರಮ. ಫ್ರೀಜರಿಲ್ಲದವರು ಹುರುಳಿಯನ್ನು ಕೆಂಪಗೆ ಹುರಿದು ಒಣಮೆಣಸು, ಬೆಳ್ಳುಳ್ಳಿ, ಉಪ್ಪಿನೊಂದಿಗೆ ಚಟ್ನಿಪುಡಿ ಮಾಡಿಟ್ಟುಕೊಳ್ಳಬಹುದು. ಭರಣಿಯಲ್ಲಿ ಉಪ್ಪುಸೊಳೆ ಇದ್ದರೆ ಅದನ್ನು ರಾತ್ರಿ ನೀರಿಗೆ ಹಾಕಿ, ಒಮ್ಮೆ ನೀರು ಬದಲಿಸಿ ಉಪ್ಪು ಇಳಿಸಿ, ಬೆಳಿಗ್ಗೆ ಬೇಯಿಸಿದ ಅಲಸಂದೆಯೊಂದಿಗೆ ಪಲ್ಯ ಮಾಡಿದರೆ ರೊಟ್ಟಿಗೂ ಅನ್ನಕ್ಕೂ ಆಗುತ್ತದೆ.

ಕ್ಯಾಲ್ಸಿಯಮ್ಮಿಗೆ ರಾಗಿ ಮತ್ತು ಎಳ್ಳನ್ನು ನೆಚ್ಚಬಹುದು. ರಾಗಿ ಹುರಿಹಿಟ್ಟನ್ನು ಬೆಲ್ಲ, ಕಾಯಿತುರಿಯೊಂದಿಗೆ ಕಲಸಿದರೆ ಅದೇ ಒಂದು ಪೂರ್ಣ ಉಪಾಹಾರ. ವಿಟಮಿನ್ ಬಿ12 ಮಾತ್ರ ಸೊಪ್ಪು, ಕಾಳು, ಧಾನ್ಯಗಳಿಂದ ದೊರೆಯುವುದಿಲ್ಲ. ಅದನ್ನು ಸೇರಿಸಿದ ಆಹಾರದಿಂದಲೋ ಮಾತ್ರೆಯಿಂದಲೋ ಪಡೆಯಲೇಬೇಕು, ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಇದರ ಕೊರತೆ ನರಗಳಿಗೆ ಹಾನಿ ಮಾಡಬಲ್ಲದು ಮತ್ತು ಅದು ನಿಧಾನವಾಗಿ ಗೊತ್ತಾಗುತ್ತದೆ, ಆದ್ದರಿಂದ ಉದಾಸೀನ ಸಲ್ಲದು.

ಮಳೆಗಾಲ ಮತ್ತು ಕರೆಂಟು

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಬಯಲುಸೀಮೆಯ ಲೆಕ್ಕದಲ್ಲಿ ಪುಡಿಗಳನ್ನು ಇಡಲಾಗದು. ದೊಡ್ಡ ಡಬ್ಬ ಒಂದರ ಬದಲು ಸಣ್ಣ ಸೀಸೆಗಳು ನಾಲ್ಕು ಇರಲಿ. ಒಂದನ್ನು ಬಳಸುವಾಗ ಉಳಿದವುಗಳಿಗೆ ಗಾಳಿ ತಾಗುವುದಿಲ್ಲ. ಕುದಿಯುವ ಪಾತ್ರೆಯ ಮೇಲೆ ಸೀಸೆ ಹಿಡಿದು ನೇರವಾಗಿ ಪುಡಿ ಸುರಿಯಬೇಡಿ, ಹಬೆ ಒಳಹೊಕ್ಕು ಮರುದಿನವೇ ಗಂಟಾಗುತ್ತದೆ.

ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲನ್ನು ತೆರೆಯದೆ ಇಟ್ಟಾಗ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಪೂರ್ತಿ ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿಡುವುದು ಈ ಕಾರಣಕ್ಕೆ ಉಪಯುಕ್ತ. ಮಿಕ್ಕ ಅನ್ನದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು: ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಮತ್ತು ಒಮ್ಮೆ ಬಿಟ್ಟ ಆ ವಿಷವು ಮರಳಿ ಬಿಸಿ ಮಾಡಿದರೂ ಹೋಗದಿರಬಹುದು. ಆದ್ದರಿಂದ ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಬೇಕು.

ಬುತ್ತಿಯೂ ಹೋಟೆಲೂ

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವವರು ಎಣ್ಣೆಯಲ್ಲಿ ಬೇಯಿಸಿದ ಚಪಾತಿ ಮತ್ತು ಹುರುಳಿ ಚಟ್ನಿಪುಡಿಯನ್ನು ಕಟ್ಟಿಕೊಂಡರೆ ದಾರಿಯ ಊಟ ಸಲೀಸಾಗುತ್ತದೆ. ಚಟ್ನಿಪುಡಿಗೆ ಎಣ್ಣೆ ಕಲಸುವುದು ತಿನ್ನುವಾಗಲೇ ಆಗಲಿ. ಹುಳಿಯನ್ನ ಕಟ್ಟುವುದಾದರೆ ಅನ್ನ ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿ, ಕಾಯಿತುರಿ ಹಾಕಬೇಡಿ. ಹೋಟೆಲಿನಲ್ಲಿ ಇಡ್ಲಿ, ಕಡುಬು, ಪೂರಿ ಬಹುತೇಕ ಕಡೆ ಹಾಲಿಲ್ಲದವು. ದೋಸೆ, ಖಾರಾಬಾತಿಗೆ ಬೆಣ್ಣೆ-ತುಪ್ಪ ಬೀಳುವುದರಿಂದ ಹೇಳುವಾಗಲೇ “ತುಪ್ಪ ಬೇಡ, ಎಣ್ಣೆಯಲ್ಲೇ ಮಾಡಿಕೊಡಿ” ಎಂದು ಸ್ಪಷ್ಟಪಡಿಸಬೇಕು. ಚಟ್ನಿಗೆ ಮೊಸರು ಹಾಕಿದ್ದಾರೆಯೇ ಎಂದೂ ಕೇಳಿ. ಹಾಕಿದ್ದರೆ ಚೀಲದಲ್ಲಿರುವ ಚಟ್ನಿಪುಡಿಗೆ ಒಂದು ಚಮಚ ಎಣ್ಣೆಯನ್ನು ಅವರಿಂದಲೇ ಕೇಳಿ ಪಡೆಯಬಹುದು, ಇಲ್ಲಿನ ಹೋಟೆಲಿನವರು ಅದಕ್ಕೆ ಇಲ್ಲವೆನ್ನುವುದಿಲ್ಲ.